ಖಾಲಿ ಕುರ್ಚಿಯ ಮೇಷ್ಟ್ರು

ಹಂದಿಗಳಿಂದಲೇ ಶುರು ಮಾಡುತ್ತೇನೆ. ನಮ್ಮ ಕಾಲೇಜಿನಲ್ಲಿ ಪೆಸಮಿನೊ ಮೇಷ್ಟ್ರ ಹೆಸರು ಎಲ್ಲರ ಬಾಯಿಗೆ ಬಿದ್ದದ್ದೇ ಹಂದಿಗಳ ದೆಸೆಯಿಂದ.

ನಮ್ಮ ದ್ವೀಪದ ರಾಜಧಾನಿ ಅಪಿಯಾ ಪೇಟೆ ದಾಟಿ ಬಸ್ಸಿನಲ್ಲಿ ಅರ್ಧ ಗಂಟೆ ಬಂದರೆ ನಮ್ಮ ಕಾಲೇಜು. ನಾನು ಸೇಫೀನ, ಅಲ್ಲಿನ ಗುಮಾಸ್ತೆ. ಹಾಜರಿ ಪುಸ್ತಕ, ಅರ್ಜಿ ಫಾರಂ, ಎಲ್ಲ ಕೋಣೆಗಳ ಬೀಗದ ಕೈ ನನ್ನ ಹತ್ತಿರ. ನನ್ನ ನಾಲಗೆ ಉದ್ದ ಎಂದು ಹುಡುಗರು ಹೇಳುತ್ತಾರೆ. ಮುನ್ನೂರು ಹುಡುಗರನ್ನು ಕಿಟಕಿಯ ಈಚೆಯಿಂದ ಸಂಭಾಳಿಸುವವಳ ನಾಲಗೆ ಉದ್ದ ಇರದೆ ಇನ್ನೇನಿರುತ್ತದೆ?

ಮೇಷ್ಟ್ರು ಮನಃಶಾಸ್ತ್ರ ಕಲಿಸಲು ಬಂದಾಗ ಅವರಿಗೆ ಕೊಟ್ಟದ್ದು ಒಂದು ಕರಿಹಲಗೆ, ಗೆದ್ದಲು ತಿಂದ ಹನ್ನೊಂದು ಪುಸ್ತಕ. ಪುಸ್ತಕದ ತುಂಬ ನಾಯಿ, ಇಲಿ, ಗಂಟೆ, ಗಾಜಿನ ಪೆಟ್ಟಿಗೆ. "ನಮ್ಮ ಹುಡುಗರು ಇಲೀನ ಓಡಿಸ್ತಾರೆ ಅಷ್ಟೆ, ಅದರ ಮನಸ್ಸನ್ನ ಯಾಕೆ ಓದ್ತಾರೆ ಅಕ್ಕ?" ಎಂದು ನನ್ನನ್ನೇ ಕೇಳಿದರು. ಆಮೇಲೆ ಪ್ರಿನ್ಸಿಪಾಲರ ಮನೆಯ ಹಂದಿಗಳನ್ನು ನೋಡಿದರು. ಹದಿನೈದು ದಿನ ಹುಡುಗರು ಡಬ್ಬ ಬಡಿದು ಆ ಹಂದಿಗಳಿಗೆ ತೆಂಗಿನ ಹಿಂಡಿ ಹಾಕಿದರು. ಹದಿನಾರನೆಯ ದಿನದಿಂದ ಬರಿ ಡಬ್ಬ ಬಡಿದರೂ ಸಾಕು, ಹಂದಿಗಳು ಬಾಲ ಎತ್ತಿಕೊಂಡು ಓಡಿ ಬರುತ್ತಿದ್ದವು. ಕಲಿಕೆ ಎಂದರೆ ಇದು ಎಂದು ಪಾಠ ಮುಗಿಸಿದರು. ಹಂದಿಗಳಿಗೆ ಪಾಠ ಮುಗಿದದ್ದು ಗೊತ್ತಾಗಬೇಕಲ್ಲ. ಮುಂದಿನ ತಿಂಗಳು ಆಡಳಿತ ಮಂಡಳಿಯವರು ಬಂದಾಗ ಸಭೆಯಲ್ಲಿ ಯಾರೋ ಬಿಸ್ಕತ್ತಿನ ಡಬ್ಬದ ಮೇಲೆ ಬೆರಳಿನಿಂದ ತಾಳ ಹಾಕಿದರು. ಏಳು ಹಂದಿ ಸಭೆಯೊಳಗೆ ನುಗ್ಗಿ ಪಾದ್ರಿಗಳ ಬಿಳಿ ಪಂಚೆಯನ್ನು ಕೆಸರು ಮಾಡಿದವು.

"ಏನ್ರೀ ಇದು?" ಎಂದರು ಪ್ರಿನ್ಸಿಪಾಲರು.

"ಸಿದ್ಧಾಂತ ಸಾಬೀತಾಯ್ತು ಸಾರ್" ಎಂದರು ಮೇಷ್ಟ್ರು.

ಆ ದಿನ ನಕ್ಕಷ್ಟು ನಾನು ಮತ್ತೆಂದೂ ನಗಲಿಲ್ಲ.

ಹೀಗೆಯೇ ಅವರ ಒಂದೊಂದು ಪಾಠವೂ. ನೆನಪಿನ ಶಕ್ತಿ ಕಲಿಸಬೇಕಾದಾಗ ಹುಡುಗರನ್ನು ತಮ್ಮ ತಮ್ಮ ಅಜ್ಜಿಯರ ಹತ್ತಿರ ಕಳಿಸಿದರು. ಹತ್ತು ವರ್ಷದ ಹಿಂದಿನ ಸಾವಿಗೆ ಯಾವ ಮನೆಯಿಂದ ಕಾಣಿಕೆಯಾಗಿ ಎಷ್ಟು ಚಾಪೆ ಬಂತು ಎಂಬುದನ್ನು ಮುದುಕಿಯರು ಒಂದೂ ತಪ್ಪದೆ ಹೇಳಿದರು. ಬೆಳಗಿನ ತಿಂಡಿ ಏನೆಂದು ಕೇಳಿದರೆ ತಡವರಿಸಿದರು. ಗುಂಪಿನ ಒತ್ತಡ ಎಂಬ ಪಾಠಕ್ಕೆ ಚರ್ಚಿನ ಹಾಡೊಂದನ್ನು ಹಿಡಿದರು. ಒಂಬತ್ತು ಹುಡುಗಿಯರಲ್ಲಿ ಎಂಟು ಮಂದಿಗೆ ಗುಟ್ಟಾಗಿ, ಮೂರನೆಯ ಸಾಲಿನಲ್ಲಿ ಸ್ವರವನ್ನು ಬೇಕೆಂದೇ ಇಳಿಸಿ ಹಾಡಿ ಎಂದರು. ಒಂಬತ್ತನೆಯವಳು ಏನು ಮಾಡುತ್ತಾಳೆ ನೋಡೋಣ ಎಂದು. ವರ್ಷವರ್ಷವೂ ಒಂಬತ್ತನೆಯವಳು ಮುಖ ಸಿಂಡರಿಸಿ, ಅಕ್ಕಪಕ್ಕ ನೋಡಿ, ತಾನೂ ಇಳಿಯುತ್ತಿದ್ದಳು. ಒಂದು ವರ್ಷ ಮಾತ್ರ ಒಬ್ಬಳು ಇಳಿಯಲಿಲ್ಲ. ಎಂಟು ಜನರ ಅಪಸ್ವರದ ಮಧ್ಯೆ ಒಂಟಿಯಾಗಿ ಸರಿಯಾದ ಸ್ವರ ಹಿಡಿದು ಕೊನೆಯತನಕ ಹಾಡಿದಳು. ಆಫೀಸಿನಲ್ಲಿ ಕೂತ ನನಗೂ ಕೇಳಿಸಿತು.

"ಯಾಕಮ್ಮ ಅವರ ಜೊತೆ ಹೋಗ್ಲಿಲ್ಲ?" ಎಂದು ಮೇಷ್ಟ್ರು ಕೇಳಿದರಂತೆ.

"ನಮ್ಮಮ್ಮ ಕಲಿಸಿದ ಹಾಡು ಸಾರ್. ತಪ್ಪು ಹಾಡಿದ್ರೆ ಅವಳಿಗೆ ಕೇಳಿಸುತ್ತೆ" ಎಂದಳಂತೆ. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ನಮ್ಮಲ್ಲಿ ಗೋರಿ ಮನೆಯ ಮುಂದೆಯೇ.

ಅವಳೇ ಫುವಾತಿನೊ. ದಕ್ಷಿಣ ತೀರದ ಹುಡುಗಿ, ತೆಳ್ಳಗೆ, ಮಾತು ಕಡಿಮೆ. ಆ ದಿನದಿಂದ ಮೇಷ್ಟ್ರಿಗೆ ಅವಳದೇ ಧ್ಯಾನ. ಕೆಟ್ಟ ಅರ್ಥದಲ್ಲಲ್ಲ, ಹಾಗೆ ಯೋಚಿಸುವವರ ಬಾಯಿಗೆ ಮಣ್ಣು ಬೀಳಲಿ. ಮೇಷ್ಟ್ರು ಹದಿನಾಲ್ಕು ವರ್ಷ ಪಾಠ ಹೇಳಿದ್ದರು, ಅವರ ಒಬ್ಬ ವಿದ್ಯಾರ್ಥಿಯೂ ಈ ವಿಷಯವನ್ನು ಮುಂದೆ ಓದಿರಲಿಲ್ಲ. ಎಲ್ಲರೂ ಟೀಚರು, ಬ್ಯಾಂಕು, ನ್ಯೂಜಿಲೆಂಡಿನ ಹಣ್ಣಿನ ತೋಟ. "ನಮ್ಮ ಜನ ಪಾದ್ರಿ ಹತ್ರ ಪಾಪ ಹೇಳ್ತಾರೆ, ಡಾಕ್ಟ್ರ ಹತ್ರ ನೋವು ಹೇಳ್ತಾರೆ. ಮಿಕ್ಕಿದ್ದನ್ನ ಯಾರ ಹತ್ರ ಹೇಳ್ತಾರೆ ಅಕ್ಕ? ನುಂಗ್ತಾರೆ. ಒಬ್ಬಳು ಓದ್ಕೊಂಡು ಬಂದು ಇಲ್ಲಿ ಕೂತು ಕೇಳಿಸ್ಕೊಂಡ್ರೆ ಸಾಕು, ನಾನು ಬದುಕಿದ್ದು ಸಾರ್ಥಕ" ಎನ್ನುತ್ತಿದ್ದರು. ವೆಲಿಂಗ್ಟನ್ನಿನಲ್ಲಿ ಓದಲು ವಿದ್ಯಾರ್ಥಿವೇತನಕ್ಕೆ ಅವಳ ಅರ್ಜಿಯನ್ನು ತಾವೇ ಕೂತು ತುಂಬಿಸಿದರು. ಬಾಕಿ ಇದ್ದದ್ದು ಒಂದೇ ಸಹಿ, ಅವಳ ಮನೆತನದ ಮುಖ್ಯಸ್ಥರಾದ ದೊಡ್ಡಪ್ಪನದು. ಕೊನೆಯ ದಿನ ತಿಂಗಳ ಕೊನೆಯ ಶುಕ್ರವಾರ.

ಈಗ ಕುರ್ಚಿಯ ಪಾಠ. ಅದನ್ನು ಮೇಷ್ಟ್ರು ವರ್ಷಕ್ಕೊಮ್ಮೆ ಮಾತ್ರ ಮಾಡುತ್ತಿದ್ದರು. ಎದುರುಬದುರು ಎರಡು ಕುರ್ಚಿ. ಮಾತಾಡುವವರು ತರಗತಿಗೆ ಬೆನ್ನು ಹಾಕಿ ಒಂದರಲ್ಲಿ ಕೂರಬೇಕು. ಖಾಲಿ ಕುರ್ಚಿಯಲ್ಲಿ, ಯಾರ ಹತ್ತಿರ ಹೇಳಬೇಕಾದ್ದು ಹೇಳದೆ ಉಳಿದಿದೆಯೋ ಅವರು ಕೂತಿದ್ದಾರೆ ಎಂದುಕೊಂಡು ಹೇಳಬೇಕು. ಹಿಂದೆ ಕೂತವರು ಕೆಮ್ಮುವ ಹಾಗೂ ಇಲ್ಲ, ಹೊರಗೆ ಹೋಗಿ ಬಾಯಿಬಿಡುವ ಹಾಗೂ ಇಲ್ಲ. ಬರಿ ಕಂಬದ ಮೇಲೆ ಸೂರಿದ್ದು ಗೋಡೆಯೇ ಇಲ್ಲದ ಮನೆಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅಂಥ ಜಾಗ ಇನ್ನೆಲ್ಲಿ ಸಿಗಬೇಕು? ಗಟ್ಟಿಮುಟ್ಟಾದ ರಗ್ಬಿ ಹುಡುಗರು ಆ ಕುರ್ಚಿಯ ಮುಂದೆ ಮೂಗು ಸೊರಗುಟ್ಟಿ ಅತ್ತದ್ದನ್ನು ಕಿಟಕಿಯಿಂದ ನಾನೇ ಕಂಡಿದ್ದೇನೆ.

ಆದರೆ ಈ ಪಾಠಕ್ಕೆ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಇರಕೂಡದು. ನಮ್ಮಲ್ಲಿ ಅಕ್ಕತಂಗಿಯರ ಮುಂದೆ ಗಂಡುಮಕ್ಕಳು ಒಂದು ಹಗುರ ಮಾತಾಡುವುದಿಲ್ಲ. ಪ್ರೀತಿ ಪ್ರೇಮದ ಸಿನಿಮಾ ಟಿವಿಯಲ್ಲಿ ಬಂದರೆ ಇಬ್ಬರಲ್ಲಿ ಒಬ್ಬರು ಎದ್ದು ಹೋಗುತ್ತಾರೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಿಗೂ ಇದೇ ಕಟ್ಟು. ಅದಕ್ಕೇ ಮೇಷ್ಟ್ರು ವರ್ಷದ ಮೊದಲ ದಿನವೇ ಪ್ರತಿಯೊಬ್ಬರಿಂದ ಮೂರು ತಲೆಮಾರಿನ ವಂಶವೃಕ್ಷ ಬರೆಸಿಕೊಂಡು, ಎರಡು ದಿನ ತಲೆಕೆಡಿಸಿಕೊಂಡು, ತರಗತಿಯನ್ನು ಮಂಗಳವಾರದ ಗುಂಪು, ಗುರುವಾರದ ಗುಂಪು ಎಂದು ಒಡೆಯುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ತಪ್ಪಿಸಿದವಳು ನಾನು.

ಆ ಮಂಗಳವಾರ ಬೆಳಿಗ್ಗೆ ಇಯೋನ ಎಂಬ ಹುಡುಗ ನನ್ನ ಕಿಟಕಿಗೆ ಬಂದ. ಆಚೆ ಸವಾಯಿ ದ್ವೀಪದವನು, ಗುರುವಾರದ ಗುಂಪಿನವನು. ಊರಿನಲ್ಲಿ ಅಮ್ಮನಿಗೆ ಹುಷಾರಿಲ್ಲ, ನಾಳೆ ಹಡಗಿಗೆ ಹೋಗುತ್ತೇನೆ, ಗುರುವಾರಕ್ಕೆ ರಜೆ ಬೇಕು ಎಂದ. ಅವನ ಹಾಜರಿ ಆಗಲೇ ಕಡಿಮೆಯಾಗಿತ್ತು.

"ಹಾಗಾದ್ರೆ ಇವತ್ತೇ ಮಂಗಳವಾರದವರ ಜೊತೆ ಕೂತ್ಕೋ. ಪಾಠ ಒಂದೇ. ಹಾಜರಿ ಹಾಕ್ಕೊಳ್ತೀನಿ" ಎಂದೆ.

"ಮಂಗಳವಾರ ಬೇಡ ಆಂಟಿ."

"ಬೇಡ ಅನ್ನೋಕೆ ಇದೇನು ಹೋಟ್ಲಾ?"

"ಅಲ್ಲ ಆಂಟಿ, ಅಲ್ಲಿ..."

"ಅಲ್ಲಿ ಏನು, ಹುಲಿ ಇದ್ಯಾ? ನನ್ನ ಹತ್ರ ಕಥೆ ಕಟ್ಬೇಡ. ಹಿಂದಿನ ಬೆಂಚಲ್ಲಿ ಕೂತು ಎದ್ದು ಬಾ. ಇಲ್ದಿದ್ರೆ ಪರೀಕ್ಷೆಗೆ ಕೂರೋ ಆಸೆ ಬಿಡು."

ನಮ್ಮ ಮಕ್ಕಳು ಹಿರಿಯರಿಗೆ ಎದುರಾಡುವುದಿಲ್ಲ. ತಲೆ ತಗ್ಗಿಸಿಕೊಂಡು ಹೋದ. ಇವತ್ತು ಮಾಮೂಲಿ ಪಾಠ ಇರುತ್ತದೆ, ಹಿಂದೆ ಕೂತು ಎದ್ದು ಬಂದರಾಯಿತು ಎಂದುಕೊಂಡಿದ್ದನೇನೋ. ಕುರ್ಚಿಯ ಪಾಠ ಆ ದಿನ ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಇನ್ನೊಂದೂ ನನಗೆ ಗೊತ್ತಿರಲಿಲ್ಲ. ಅವನು ಸವಾಯಿಯಲ್ಲಿ ಅಮ್ಮ ಎನ್ನುತ್ತಿದ್ದವಳು ಅವನ ದೊಡ್ಡಮ್ಮ. ಮಕ್ಕಳಿಲ್ಲದ ಅವಳಿಗೆ ತಂಗಿ ತನ್ನ ಎರಡು ವರ್ಷದ ಮಗನನ್ನು ಸಾಕಲು ಕೊಟ್ಟಿದ್ದಳು. ಅವನ ಹೆಸರಿನ ಮುಂದೆ ಇದ್ದದ್ದು ಸಾಕಿದ ಮನೆಯ ಹೆಸರು, ವಂಶವೃಕ್ಷದಲ್ಲಿ ಬರೆದಿದ್ದೂ ಸಾಕಿದ ಅಪ್ಪನ ಕಡೆಯವರನ್ನು ಮಾತ್ರ. ಹೆತ್ತ ಮನೆ ದಕ್ಷಿಣ ತೀರದಲ್ಲಿತ್ತು. ಅಲ್ಲಿ ಅವನಿಗೆ ಒಡಹುಟ್ಟಿದ ತಂಗಿಯೊಬ್ಬಳಿದ್ದಳು, ಫುವಾತಿನೊ. ಅದಕ್ಕೇ ಅವನು ವರ್ಷದ ಮೊದಲಲ್ಲೇ ತಾನಾಗಿ ಗುರುವಾರ ಕೇಳಿ ಪಡೆದಿದ್ದ.

ಅವನು ಹಿಂದಿನ ಬಾಗಿಲಿನಿಂದ ಹೋಗುವ ಹೊತ್ತಿಗೆ ಅವಳು ಕುರ್ಚಿಯಲ್ಲಿ ಬೆನ್ನು ಹಾಕಿ ಕೂತಿದ್ದಳು. ಖಾಲಿ ಕುರ್ಚಿಯಲ್ಲಿ ಅಮ್ಮ. ಮೇಷ್ಟ್ರು ಅವನನ್ನು ನೋಡಿದರು, ಪಟ್ಟಿಯ ಪ್ರಕಾರ ಯಾರ ಸಂಬಂಧಿಯೂ ಅಲ್ಲದ ಹುಡುಗ, ಕೂರು ಎಂದು ಕೈಸನ್ನೆ ಮಾಡಿದರು. ಕೆಮ್ಮುವ ಹಾಗೂ ಇಲ್ಲದ ಕೋಣೆ. ಹುಡುಗ ಬಾಗಿಲಲ್ಲೇ ನಿಂತ.

ಅವಳು ಹೇಳಿದ್ದು ಮಹಾ ಏನಲ್ಲ. ಹಡಗುಕಟ್ಟೆಯಲ್ಲಿ ಕೆಲಸ ಮಾಡುವ ಒಬ್ಬನಿದ್ದಾನೆ ಅಮ್ಮ. ಬಿಳಿ ಭಾನುವಾರದ ಹಬ್ಬದ ಸಂಜೆ ಚರ್ಚಿನ ಹಿಂದಿನ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದ. ನಾನು ಬಿಡಿಸಿಕೊಳ್ಳಲಿಲ್ಲ. ನೀನಿದ್ದಿದ್ದರೆ ನಿನಗೆ ಹೇಳುತ್ತಿದ್ದೆ, ನೀನು ಬೈದಾದರೂ ಬೈಯುತ್ತಿದ್ದೆ. ಅಷ್ಟೇ. ಬೇರೆ ಊರುಗಳಲ್ಲಿ ಇದಕ್ಕೆ ಯಾರೂ ತಲೆಯೆತ್ತಿಯೂ ನೋಡುವುದಿಲ್ಲವಂತೆ.

ಬಾಗಿಲ ಹತ್ತಿರ ಪುಸ್ತಕ ಬಿದ್ದ ಸದ್ದಾಯಿತು. ಎಲ್ಲರೂ ತಿರುಗಿದರು. ಅವಳೂ ತಿರುಗಿದಳು.

ಇಯೋನ ನನ್ನ ಕಿಟಕಿಯ ಮುಂದೆಯೇ ಹಾದುಹೋದ. ಬರಿಗಾಲು. ಚಪ್ಪಲಿ ತರಗತಿಯ ಬಾಗಿಲಲ್ಲೇ ಬಿಟ್ಟಿದ್ದ. ಕೋಪ ಇರಲಿಲ್ಲ ಮುಖದಲ್ಲಿ, ಮುಖದ ತುಂಬ ನೀರು. ಏನಾಯ್ತೋ ಎಂದು ಕೂಗಿದೆ. ಅವನು ತಿರುಗಲಿಲ್ಲ.

ಮೂರು ದಿನದಲ್ಲಿ ಇಡೀ ದ್ವೀಪಕ್ಕೆ ಗೊತ್ತಾಯಿತು. ಪೆಸಮಿನೊ ಮೇಷ್ಟ್ರು ತಂಗಿಯ ಬಾಯಿಂದ ಅಣ್ಣನ ಕಿವಿಗೆ ಹಾಗೆ ಹೇಳಿಸಿದರಂತೆ, ಹೀಗೆ ಹೇಳಿಸಿದರಂತೆ. ಬಾಯಿಬಿಡಬಾರದು ಎಂದು ಮಾತು ಕೊಟ್ಟಿದ್ದ ತರಗತಿಯೇ ಬಾಯಿಬಿಟ್ಟಿತ್ತು. ಇಯೋನ ಮತ್ತೆ ಬರಲೇ ಇಲ್ಲ, ಹಣ್ಣು ಕೀಳುವ ಕೆಲಸಕ್ಕೆ ಹೆಸರು ಕೊಟ್ಟು ನ್ಯೂಜಿಲೆಂಡಿಗೆ ಹೋದ. ಫುವಾತಿನೊಳನ್ನು ಮನೆಯವರು ಕರೆದುಕೊಂಡು ಹೋದರು. ಅರ್ಜಿ ಮೇಷ್ಟ್ರ ಮೇಜಿನ ಮೇಲೆ ಉಳಿಯಿತು, ಸಹಿ ಇಲ್ಲದೆ. ಶುಕ್ರವಾರಕ್ಕೆ ಹತ್ತು ದಿನ ಬಾಕಿ.

"ಇಫೋಂಗ ಮಾಡ್ತೀನಿ ಅಕ್ಕ" ಎಂದರು ಮೇಷ್ಟ್ರು.

ಇಫೋಂಗ ಎಂದರೆ ಮನೆತನದ, ನಯವಾಗಿ ಹೆಣೆದ ಬೆಲೆಬಾಳುವ ಚಾಪೆಯನ್ನು ತಲೆಯ ಮೇಲೆ ಹೊದ್ದು ನೊಂದವರ ಮನೆಯ ಮುಂದೆ ಮಂಡಿಯೂರುವುದು. ಕೊಲೆಗೆ ಮಾಡುತ್ತಾರೆ, ವಾಹನ ಹಾಯಿಸಿ ಯಾರಾದರೂ ಸತ್ತರೆ ಮಾಡುತ್ತಾರೆ. ಅವರು ಒಪ್ಪಿದರೆ ಚಾಪೆ ತೆಗೆಯುತ್ತಾರೆ, ಒಪ್ಪದಿದ್ದರೆ ಏನೂ ಆಗಬಹುದು. ಮೇಷ್ಟ್ರ ಮನೆತನದ ಹಿರಿಯರಾದ ಮಾವ ಮೂಗು ಮುರಿದರು. "ಯಾರನ್ನಾದ್ರೂ ಕೊಂದ್ಯಾ? ಪಾಠ ಹೇಳಿದ್ದಕ್ಕೆ ಇಫೋಂಗ ಮಾಡಿದ್ರೆ ಊರು ನಗುತ್ತೆ. ನಮ್ಮ ಮನೆಯಿಂದ ಒಬ್ಬರೂ ಬರಲ್ಲ." ಕೊನೆಗೆ ಮೇಷ್ಟ್ರ ಮುದುಕಿ ತಾಯಿ ತನ್ನ ಸಾವಿಗೆಂದು ಹಾಸಿಗೆಯಡಿ ಇಟ್ಟುಕೊಂಡಿದ್ದ ಚಾಪೆಯನ್ನು ಕೊಟ್ಟಳು.

ಒಂದು ಮಾತು ಹೇಳಬೇಕು. ಇಫೋಂಗ ಒಪ್ಪಿಕೊಂಡ ಮೇಲೆ ಆ ವಿಷಯ ಸತ್ತ ಹಾಗೆ. ಮತ್ತೆ ಯಾರೂ ಅದನ್ನು ಎತ್ತಕೂಡದು. ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತಿತ್ತು. ಆದರೂ ಅವರು ಒಂದು ಆಸೆ ಕಟ್ಟಿಕೊಂಡಿದ್ದರು. ಮೊದಲು ಕ್ಷಮೆ, ಆಮೇಲೆ ಊಟ, ಊಟದ ಹೊತ್ತಿಗೆ ಮನಸ್ಸು ಮೆತ್ತಗಾಗಿರುತ್ತದೆ, ಆಗ ಅರ್ಜಿ ತೆಗೆದರಾಯಿತು. ಜನರ ಮನಸ್ಸು ಓದಿದವರ ಎಣಿಕೆ ಇದು. "ಮೇಷ್ಟ್ರೇ, ಮೊದ್ಲು ಸಹಿ ಕೇಳಿ, ಆಮೇಲೆ ಬಗ್ಗಿ" ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ತಪ್ಪು ಮಾಡಿದವಳಿಗೆ ಬುದ್ಧಿ ಹೇಳಲು ಬಾಯಿ ಬರಲಿಲ್ಲ.

ಕೊನೆಯ ಶುಕ್ರವಾರವೇ ಹೋದೆವು. ಅದಕ್ಕೂ ಮೊದಲು ಆ ಮನೆಯವರೆಲ್ಲ ಒಂದು ಮದುವೆಗೆಂದು ಬೇರೆ ಊರಿನಲ್ಲಿದ್ದರು. ಸೂರ್ಯ ಹುಟ್ಟುವ ಮುಂಚೆ ಮೇಷ್ಟ್ರು ಅವರ ಅಂಗಳದಲ್ಲಿ, ಅವಳ ಅಮ್ಮನ ಗೋರಿಯ ಪಕ್ಕದಲ್ಲಿ, ಚಾಪೆ ಹೊದ್ದು ಮಂಡಿಯೂರಿದರು. ನಾನು ರಸ್ತೆಯಾಚೆ ದೀವಿಹಲಸಿನ ಮರದ ಕೆಳಗೆ ಅವರ ಚೀಲ ಹಿಡಿದು ಕೂತೆ. ಚೀಲದಲ್ಲಿ ಅರ್ಜಿ, ಎರಡು ಪೆನ್ನು. ಶಾಲೆಗೆ ಹೋಗುವ ಮಕ್ಕಳು ಮೌನವಾಗಿ ಸುತ್ತಿಕೊಂಡು ಹೋದವು. ಬಿಸಿಲು ಏರಿತು. ಆ ಚಾಪೆಯ ಕೆಳಗೆ ಇರಬೇಕಾದವಳು ನಾನು. ಏಳು ಸಲ ಎದ್ದೆ, ಏಳು ಸಲವೂ ಕೂತೆ. ನಾಲಗೆ ಉದ್ದವಿದ್ದರೆ ಏನು ಬಂತು, ಹೇಡಿ ನಾನು.

ಹತ್ತು ಗಂಟೆಯ ಹೊತ್ತಿಗೆ ದೊಡ್ಡಪ್ಪ ಇಳಿದು ಬಂದು ತಾವೇ ಚಾಪೆ ಎತ್ತಿದರು. ಮೇಷ್ಟ್ರ ಅಂಗಿ ಬೆವರಿಗೆ ಮೈಗಂಟಿತ್ತು.

"ಏಳಿ ಮೇಷ್ಟ್ರೇ, ಒಳಗೆ ಬನ್ನಿ. ನೀವೂ ಬನ್ನಿ ಅಮ್ಮ, ಅಲ್ಲ್ಯಾಕೆ ಕೂತಿದ್ದೀರಿ?"

ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ನನಗೆ ಬೈದುಕೊಳ್ಳಲು ಒಬ್ಬನಾದರೂ ಇರುತ್ತಿದ್ದ. ಮನೆಯವರೆಲ್ಲ ಸುತ್ತ ಕೂತರು. ದೊಡ್ಡಪ್ಪ ನಿಧಾನವಾಗಿ ಹೇಳಿದರು. "ನೀವು ದೊಡ್ಡವರು, ನಮ್ಮ ಮುಂದೆ ಬಗ್ಗಿದ್ರಿ. ನಾವು ಚಾಪೆ ತೆಗೆದ್ವಿ. ನಮ್ಮ ಮನಸ್ಸಲ್ಲಿ ಇನ್ನು ಏನೂ ಇಲ್ಲ. ಇವತ್ತಿಗೆ ಇದು ಮುಗೀತು. ಈ ಮನೇಲೂ ಯಾರೂ ಎತ್ತೋ ಹಾಗಿಲ್ಲ, ನಿಮ್ಮಲ್ಲೂ ಯಾರೂ ಎತ್ತೋ ಹಾಗಿಲ್ಲ."

ಊಟ ಬಂತು. ಬೇಯಿಸಿದ ಕೆಸುವಿನ ಗೆಡ್ಡೆ, ಎಲೆಯಲ್ಲಿ ಸುತ್ತಿ ಬೇಯಿಸಿದ ಕಾಯಿಹಾಲು, ಮೀನು, ಬಿಸಿ ಕೊಕೊ. ತಟ್ಟೆ ತಂದಿಟ್ಟವಳು ಫುವಾತಿನೊ. ಇಟ್ಟು, ಪದ್ಧತಿಯಂತೆ ಅತಿಥಿಯ ಎದುರು ಕೂತು, ನೊಣ ಬರದ ಹಾಗೆ ಬೀಸಣಿಗೆ ಬೀಸತೊಡಗಿದಳು. ಮೇಷ್ಟ್ರಿಗೂ ಅವಳಿಗೂ ಮಧ್ಯೆ ಒಂದು ತಟ್ಟೆಯಷ್ಟು ದೂರ. ಅವಳು ತಲೆ ಎತ್ತಲಿಲ್ಲ.

ಮೇಷ್ಟ್ರು ಒಂದು ತುತ್ತು ತಿಂದರು. ನನ್ನ ಕಡೆ ನೋಡಿದರು. ನಾನು ಚೀಲದೊಳಗೆ ಕೈ ಹಾಕಿ ಅರ್ಜಿಯ ಮೂಲೆ ಹಿಡಿದೆ.

"ಒಂದು ಮಾತು" ಎಂದರು ಮೇಷ್ಟ್ರು. "ಮಗುವಿನ ಓದು..."

ದೊಡ್ಡಪ್ಪ ಅವರ ಮಂಡಿಯ ಮೇಲೆ ಕೈಯಿಟ್ಟರು. "ತಿನ್ನಿ ಮೇಷ್ಟ್ರೇ, ಮೀನು ಆರಿಹೋಗುತ್ತೆ" ಎಂದರು, ಮಗುವಿಗೆ ಹೇಳಿದ ಹಾಗೆ.

ಅವಳ ಬೀಸಣಿಗೆ ಒಂದು ಕ್ಷಣ ನಿಂತಿತು. ನಾನು ಕಾದೆ. ಎಂಟು ಜನರ ಎದುರು ಒಂಟಿಯಾಗಿ ಹಾಡಿದವಳು ಈಗೊಂದು ಮಾತು ಆಡುತ್ತಾಳೆ ಎಂದು ಕಾದೆ. ಅವಳು ಮತ್ತೆ ಬೀಸತೊಡಗಿದಳು. ಮೇಷ್ಟ್ರು ತಟ್ಟೆ ಖಾಲಿ ಮಾಡಿದರು. ನಾನು ಚೀಲದಿಂದ ಕೈ ತೆಗೆದೆ.

ವಾಪಸು ಬರುವಾಗ ಬಸ್ಸಿನಲ್ಲಿ ಎಂದಿನಂತೆ ಹಾಡು ಕಿವಿ ತೂತು ಮಾಡುತ್ತಿತ್ತು. ವಿದ್ಯಾರ್ಥಿವೇತನದ ಕಚೇರಿಯ ಮುಂದೆ ಹಾದೆವು. ಇನ್ನೂ ಮೂರು ಗಂಟೆಯೂ ಆಗಿರಲಿಲ್ಲ, ಬಾಗಿಲು ತೆರೆದಿತ್ತು. ನನಗೆ ತಡೆಯಲಾಗಲಿಲ್ಲ.

"ಮೇಷ್ಟ್ರೇ, ಆ ದಿನ ಆ ಹುಡುಗನ್ನ ಅಲ್ಲಿಗೆ..."

"ಬೇಡ ಅಕ್ಕ."

"ನೀವು ಕೇಳಿಸ್ಕೊಳ್ಳಿ, ಅವನು ಬರಲ್ಲ ಅಂದ, ನಾನೇ..."

"ಮುಗೀತಲ್ಲ ಅಕ್ಕ. ಒಪ್ಕೊಂಡು ಬಂದಿದ್ದೀನಿ. ಈಗ ನಾನೂ ಕೇಳಿಸ್ಕೊಳ್ಳೋ ಹಾಗಿಲ್ಲ" ಎಂದು ಕಿಟಕಿಯ ಕಡೆ ತಿರುಗಿದರು.

ಅವರಿಗೆ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಹಾಜರಿ ಪುಸ್ತಕದಲ್ಲಿ ಆ ಮಂಗಳವಾರ ಇಯೋನನ ಹೆಸರಿನ ಎದುರು ಇದ್ದ ಗುರುತು ನನ್ನ ಕೈಯದು. ಅವರು ಅದನ್ನು ನೋಡಿರಲೇಬೇಕು.

ಮುಂದಿನ ವಾರದಿಂದ ಮೇಷ್ಟ್ರು ನೋಟ್ಸ್ ಬರೆಸತೊಡಗಿದರು. ಕಲಿಕೆ ಎಂದರೇನು, ಅದರ ಐದು ಲಕ್ಷಣಗಳು. ನೆನಪು ಎಂದರೇನು, ಅದರ ಮೂರು ವಿಧಗಳು. ಪರೀಕ್ಷೆಯಲ್ಲಿ ಪಾಸಾಗುವವರು ಹೆಚ್ಚಾದರು. ಪ್ರಿನ್ಸಿಪಾಲರು ಸಭೆಯಲ್ಲಿ ಹೊಗಳಿದರು. ಒಂಬತ್ತು ವರ್ಷ ಹೀಗೆ ನಡೆಯಿತು. ಆ ಒಂಬತ್ತು ವರ್ಷದಲ್ಲಿ ಮನಃಶಾಸ್ತ್ರವನ್ನು ಮುಂದೆ ಓದಲು ಒಬ್ಬರೂ ಹೋಗಲಿಲ್ಲ. ಫುವಾತಿನೊಗೆ ಮದುವೆಯಾಯಿತು, ಆ ಹಡಗುಕಟ್ಟೆಯವನ ಜೊತೆಯಲ್ಲ. ಮೇಷ್ಟ್ರು, ನಾನು ದಿನವೂ ಹನ್ನೊಂದು ಗಂಟೆಗೆ ಒಟ್ಟಿಗೆ ಕೂತು ಕೊಕೊ ಕುಡಿದೆವು. ಮಳೆ, ಮೀನು, ಪಾದ್ರಿಗಳ ಆರೋಗ್ಯ ಎಲ್ಲ ಮಾತಾಡಿದೆವು.

ಈ ಜೂನ್ ತಿಂಗಳಲ್ಲಿ ಅವರಿಗೆ ಬೀಳ್ಕೊಡುಗೆ ಮಾಡಿದರು. ಕೊರಳ ತುಂಬ ಹೂಮಾಲೆ, ಮೇಜಿನ ತುಂಬ ತಿಂಡಿ. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಇಷ್ಟು ವರ್ಷ ಜೊತೆಗಿದ್ದವಳು ನೀನು, ನಿನಗೇ ಗೊತ್ತಿರೋದು, ಹೇಳು ಎಂದು ಎಲ್ಲರೂ ನನ್ನನ್ನು ಎಬ್ಬಿಸಿದರು. ಎದ್ದು ನಿಂತೆ. ಮೇಷ್ಟ್ರು ಹೂಮಾಲೆಗಳ ಮಧ್ಯದಿಂದ ನನ್ನನ್ನೇ ನೋಡುತ್ತಿದ್ದರು. ಮೇಷ್ಟ್ರು ಒಂದು ದಿನವೂ ತಡವಾಗಿ ಬಂದವರಲ್ಲ ಎಂದು ಹೇಳಿ ಕೂತೆ.